ಮೂರು ತೂತಿನ ಲೆಕ್ಕ

ಟೊಲಿಡೊ ಊರಿನ ಬೌಲಿಂಗ್ ಅಂಗಳದಲ್ಲಿ
ಬಾಡಿಗೆ ಶೂಗಳ ಕಿಟಕಿ ದಾಟಿದರೆ ನನ್ನ ಕೋಣೆ:
ಒಂದು ಡ್ರಿಲ್, ಒಂದು ಬಕೆಟ್ಟು,
ಉಜ್ಜುಕಾಗದದ ಸುರುಳಿ, ರಾಳದ ವಾಸನೆ.
ಇಪ್ಪತ್ತಾರು ವರ್ಷದಿಂದ ಇಲ್ಲಿ ಕೂತು
ಚೆಂಡಿಗೆ ತೂತು ಕೊರೆಯುತ್ತೇನೆ.
ಕೇಳಿದವರು ನಗುತ್ತಾರೆ. ನಗಲಿ.

ಮಂಗಳವಾರ ರಾತ್ರಿ ರೆನಾಟಾ ಪಾವ್ಲಕ್ ಬಂದಳು,
ಗಾಜಿನ ಕಾರ್ಖಾನೆಯ ಎರಡನೇ ಪಾಳಿ ಮುಗಿಸಿ.
ಹದಿನೈದು ಪೌಂಡಿನ ನೀಲಿ ಚೆಂಡನ್ನು
ಮೇಜಿನ ಮೇಲೆ ಇಟ್ಟಳು. ಇಟ್ಟಳೇನು, ಕುಕ್ಕಿದಳು.
"ಸತ್ತಿದೆ ಇದು, ಡೆಲ್ಬರ್ಟ್. ತಿರುಗೋದೇ ಇಲ್ಲ."

ಚೆಂಡು ಸಾಯುವುದುಂಟು, ಸುಳ್ಳಲ್ಲ.
ಅದರ ಚರ್ಮಕ್ಕೆ ಕಣ್ಣಿಗೆ ಕಾಣದ ಸಾವಿರ ಬಾಯಿ.
ಎಸೆದಾಗೆಲ್ಲ ಹಲಗೆಯ ಎಣ್ಣೆ ಕುಡಿಯುತ್ತದೆ,
ಕುಡಿದು ಕುಡಿದು ಒಂದು ದಿನ
ನೆಲ ಹಿಡಿಯುವುದನ್ನೇ ಮರೆಯುತ್ತದೆ.
ಬಿಸಿನೀರಲ್ಲಿ ಮುಳುಗಿಸಿದೆ. ಬೆವರಿತು. ಒರೆಸಿದೆ.
ಒರಟು ಕಾಗದ ಹಿಡಿದು ಮೈಯೆಲ್ಲ ಉಜ್ಜಿದೆ.
ನುಣುಪು ಮೈಯ ಚೆಂಡು ದೂರ ಹೋಗಿ ಥಟ್ಟನೆ ಹೊರಳುತ್ತದೆ;
ಒರಟು ಮೈಗೆ ತಾಳ್ಮೆ ಕಡಿಮೆ,
ಅರ್ಧ ದಾರಿಗೇ ಜಗಳ ಶುರು.

ಅವಳು ಎಸೆದಳು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ,
ನೋಡಬೇಕಾದದ್ದೂ ಎಣ್ಣೆಯೇ, ಅದೋ ಕಾಣುವುದಿಲ್ಲ.
ಅರವತ್ತಡಿ ದಾರಿ. ಮೊದಲ ನಲವತ್ತು ಜಾರು,
ಆಮೇಲೆ ಒಣ ಹಲಗೆ. ಅಲ್ಲಿ ತಿರುಗಬೇಕು.
ತಿರುಗಲಿಲ್ಲ. ಬ್ರೇಕಿಲ್ಲದ ಟ್ರಕ್ಕಿನ ಹಾಗೆ ನೇರ ಹೋಗಿ
ಮೂರು ಪಿನ್ನು ಕೆಡವಿ ಹಿಂದಿನ ಕತ್ತಲಿಗೆ ಬಿತ್ತು.

ವಾಪಸು ಬಂದ ಚೆಂಡನ್ನು ದೀಪಕ್ಕೆ ಹಿಡಿದೆ.
ಮೈಮೇಲೆ ಎಣ್ಣೆಯ ಬಳೆಗಳು.
ಒಳಗೊಂದು ತಿರುಳಿದೆ, ಓರೆ ಆಕಾರದ್ದು,
ಕೂತಲ್ಲಿ ಕೂರದ ಮಗುವಿನಂಥದ್ದು.
ಉರುಳುವಾಗ ತನ್ನ ಸುಖದ ಮಗ್ಗುಲು ಹುಡುಕಿ ಹೊರಳುತ್ತದೆ,
ಅದು ಹೊರಳಿದಂತೆ ಪ್ರತಿ ಸುತ್ತಿಗೂ
ಹೊಸ ಚರ್ಮ, ಒಣ ಚರ್ಮ ನೆಲ ಮುಟ್ಟುತ್ತದೆ.
ಬಳೆಗಳು ಬೀಸಣಿಗೆಯಾಗಿ ಬಿಚ್ಚಿಕೊಳ್ಳಬೇಕು.
ಇಲ್ಲಿ ಒಂದರ ಮೇಲೊಂದು ಕೂತು
ಒಂದೇ ದಪ್ಪ ಬಳೆ.

"ಚೆಂಡು ಸತ್ತಿಲ್ಲ. ಕೈ ತೋರಿಸು" ಅಂದೆ.
ತೋರಿಸಲಿಲ್ಲ. ಕಾಫಿ ಕುಡಿದಳು. ಲೀಗ್ ಪಟ್ಟಿ ಓದಿದಳು.
ಆಮೇಲೆ ತೋಳು ಮಡಚಿದಳು:
ಜನವರಿಯಲ್ಲಿ ಕಾರ್ಖಾನೆಯ ಅಂಗಳದ ಹಿಮಗಟ್ಟಿಯಲ್ಲಿ ಜಾರಿ
ಮುರಿದ ಮಣಿಕಟ್ಟು, ಒಂದು ಎಳೆ ಓರೆಗೆ ಕೂಡಿಕೊಂಡದ್ದು.
ನಾನು ಕೊರೆದದ್ದು ಡಿಸೆಂಬರಿನ ಕೈಗೆ.

ಬಿಳಿ ಟೇಪಿನ ಚೂರು ಅಂಟಿಸಿ ಮತ್ತೆ ಎಸೆಯಹೇಳಿದೆ.
ಎರಡು ಸಲ ಟೇಪು ಓಲಾಡಿತು. ಜಾಗ ಬದಲಿಸಿದೆ.
ಮೂರನೆಯ ಸಲ ನಿಂತಲ್ಲೇ ಗಿರಕಿ ಹೊಡೆಯಿತು.
ಅದೇ ಅವಳ ಅಚ್ಚು. ಪ್ರತಿ ಕೈಗೂ ಬೇರೆ.
ಹಳೆಯ ಗುರುತಿನಿಂದ ಒಂದಿಂಚು ಸರಿದು ಕೂತಿತ್ತು.

ಚೆಂಡಿನ ಮೇಲಿನ ಕೆಂಪು ಚುಕ್ಕೆ ತಿರುಳಿನ ನೆತ್ತಿ.
ಅದಕ್ಕೂ ಅಚ್ಚಿಗೂ ಎಷ್ಟು ದೂರ,
ನನ್ನ ವಿದ್ಯೆಯೆಲ್ಲ ಇಷ್ಟೇ.
ಮೂರಿಂಚು ಚಿಲ್ಲರೆ ಇಟ್ಟರೆ ತಿರುಳಿಗೆ ನಿದ್ದೆಯಿಲ್ಲ,
ಆರು ದಾಟಿತೋ, ಹೊದ್ದು ಮಲಗಿಬಿಡುತ್ತದೆ.
ಅವಳದು ಆರು ದಾಟಿತ್ತು.

ಹಳೆಯ ತೂತುಗಳಿಗೆ ರಾಳ ಸುರಿದು ರಾತ್ರಿಯಿಡೀ ಬಿಟ್ಟೆ.
ಮರುದಿನ ಹೊಸ ಗೆರೆ ಎಳೆಯುವಾಗ ಪಕ್ಕದಲ್ಲೇ ನಿಂತು
"ಮೊದಲಿನ ಹಾಗೇ ಆಗುತ್ತಾ?" ಅಂದಳು.
ಪುಣ್ಯಕ್ಕೆ ನನ್ನ ಬಾಯಲ್ಲಿ ಪೆನ್ಸಿಲ್ಲಿತ್ತು.
ಕೊರೆದೆ. ಹೆಬ್ಬೆರಳಿನ ತೂತಿನ ಅಂಚು ಉಜ್ಜಿದೆ,
ಬೆರಳು ಹಾಕಿಸಿದೆ, ಉಜ್ಜಿದೆ, ಮತ್ತೆ ಹಾಕಿಸಿದೆ.
ಕೈಗುಣ ಅನ್ನುತ್ತಾರೆ.
ಯಾರ ಕೈಯದು ಅಂತ ಯಾರೂ ಹೇಳುವುದಿಲ್ಲ.

ಹದಿನಾಲ್ಕನೇ ಲೇನ್.
ಜಾರಿತು. ಇನ್ನೂ ಜಾರಿತು. ಅನುಮಾನಿಸಿತು.
ಆಮೇಲೆ, ಮನೆ ಕಂಡ ದನದ ಹಾಗೆ, ಒಳಕ್ಕೆ ಹೊರಳಿತು.
ಒಂಬತ್ತು ಬಿದ್ದವು.
ಬಲ ಮೂಲೆಯ ಹತ್ತನೇ ಪಿನ್ನು ಮಾತ್ರ
ಸಾಲ ವಸೂಲಿಗೆ ಬಂದವನಂತೆ ನೆಟ್ಟಗೆ ನಿಂತಿತ್ತು.

ಅವಳು ನಗಲಿಲ್ಲ. ಅಂಗೈ ನೋಡಿಕೊಂಡಳು.
"ಒಂದು ಕೂದಲೆಳೆ ಬೇಗ ತಿರುಗಿತು" ಅಂದಳು.
ಸರಿ.
ಎರಡು ಸಾವಿರದ ನುಣುಪು ಕಾಗದ ಹುಡುಕುತ್ತ
ನಾನು ಕೋಣೆಗೆ ಹೋದೆ.