ಚಿತ್ರದ ಅಳತೆ

ಗ್ಯುಮ್ರಿಯ ಗೋಡೆಗಳು ಕಪ್ಪು ಕಲ್ಲಿನವು.
ಡ್ರಿಲ್ ಬಿಟ್ಟರೆ ಮಸಿಯಂಥ ಹುಡಿ
ಮೀಸೆಗಂಟಿ ಮನೆವರೆಗೂ ಬರುತ್ತದೆ.
ಮೂರನೇ ಮಹಡಿ, ಲಿಫ್ಟಿಲ್ಲ;
ನಲವತ್ಮೂರು ಇಂಚಿನ ಪೆಟ್ಟಿಗೆ ಹೊತ್ತು
ಬಾಗಿಲು ತಟ್ಟಿದರೆ ಹೈಕನುಷ್ ಅಜ್ಜಿ
ಬೆಲೆ ಕೇಳುವ ಮೊದಲೇ ಕೇಳಿದಳು:
"ಇದು ಹಳೆಯದನ್ನೂ ತೋರಿಸುತ್ತದೋ?"

ತೋರಿಸುತ್ತದೆ ಅಂದೆ. ಎಲ್ಲರಿಗೂ ಹಾಗೇ ಅನ್ನುವುದು.

ಮೊಳೆ, ಚೌಕಟ್ಟು, ಮಟ್ಟಗೋಲು. ನೆಟ್ಟಗೆ ಕೂತಿತು.
ಏಪ್ರನ್ನಿನ ಜೇಬಿಂದ ಅಜ್ಜಿ ತೆಗೆದದ್ದು
ಕೆಂಪು ಉಣ್ಣೆದಾರ ಕಟ್ಟಿದ ಪೆನ್ ಡ್ರೈವು,
ಕುರಿಮರಿಗೆ ಕಟ್ಟುತ್ತಾರಲ್ಲ, ತಪ್ಪಿಸಿಕೊಳ್ಳದಿರಲೆಂದು, ಹಾಗೆ.
ಕ್ಯಾಸೆಟ್ಟಿನಿಂದ ಇದಕ್ಕಿಳಿಸಲು
ಅಂಗಡಿಯವನು ಒಂದು ವಾರ ಸತಾಯಿಸಿದನಂತೆ.

ಟೀವಿಯ ಬೆನ್ನಿನ ಕಿಂಡಿಗೆ ಸಿಕ್ಕಿಸಿದೆ.
ಗಾಲಿ ಸುತ್ತಿತು. ಸುತ್ತಿತು.
‘ಈ ಕಡತ ತೆರೆಯಲಾಗದು.’
ಆ ಸಾಲನ್ನು ಅಜ್ಜಿ ತುಟಿಯಾಡಿಸಿ ಓದಿದಳು,
ಡಾಕ್ಟರ ಚೀಟಿಯಂತೆ.
ಎರಡನೆಯದು ತೆರೆದುಕೊಂಡಿತು.

ಫೆಬ್ರವರಿ, ತೊಂಬತ್ಮೂರು. ನಾದಿನಿಯ ಮದುವೆ.
ಊರಿಗೂರೇ ಕರೆಂಟಿಲ್ಲದ ಚಳಿಗಾಲ.
ಲಾರಿಯ ಬ್ಯಾಟರಿಯಿಂದ ಕ್ಯಾಮೆರಾಕ್ಕೊಂದು ತಂತಿ, ಬಲ್ಬಿಗೊಂದು.
ಕೋಟು ಬಿಚ್ಚದೆ ಕೂತ ನೆಂಟರು.
ಒಬ್ಬೊಬ್ಬರೂ ಕರವಸ್ತ್ರದಲ್ಲಿ ಸುತ್ತಿ ತಂದ
ಅವರವರ ಪಾಲಿನ ರೊಟ್ಟಿಯ ತುಂಡು.
ಹೀಗೆಂದು ಅಜ್ಜಿ ಹೇಳುತ್ತಿದ್ದಳು.
ಪರದೆಯ ಮೇಲೆ ಮಾತ್ರ
ಎಲ್ಲರೂ ಮೈಕೈ ತುಂಬಿಕೊಂಡಿದ್ದರು.
ಮದುಮಗಳಿಗೆ ಗುಂಡು ಕೆನ್ನೆ,
ಮೈದುನ ವರ್ದ್ಗೆಸನಿಗೆ ಎತ್ತಿನ ಹೆಗಲು,
ತಟ್ಟೆಗಳೆಲ್ಲ ಹರಿವಾಣ,
ಅಂಗೈಯಗಲದ ರೊಟ್ಟಿ ಮೊಳದುದ್ದ.

ರೋಗ ನನಗೆ ಗೊತ್ತು. ಹಳೆಯ ಚೌಕದ ಚಿತ್ರವನ್ನು
ಹೊಸ ಪರದೆ ಎರಡೂ ಕಡೆ ಎಳೆದು ಹಾಸಿಕೊಂಡಿದೆ.
ನಮ್ಮ ಕಸುಬಿನ ಮೊದಲ ಪಾಠವೇ ಇದು:
ದುಂಡಗಿನದು ದುಂಡಗೇ ಕಾಣಬೇಕು.
"ತಾಳಿ ಅಜ್ಜಿ, ಸರಿಮಾಡುತ್ತೇನೆ" ಎಂದು
ಮದುವೆ ನಿಲ್ಲಿಸಿ ಮೆನುವಿಗಿಳಿದೆ.

ಝೂಮ್ ಒತ್ತಿದೆ; ತಲೆಗಳು ಹೋದವು.
"ಅಯ್ಯೋ, ಪಾದ್ರಿಯ ಟೋಪಿ!"
ಮೂಲ ಅಳತೆ ಒತ್ತಿದೆ.
ಎರಡು ಬದಿಗೂ ಕಪ್ಪು ಪಟ್ಟಿ ಬಂದು ನಿಂತಿತು
ನಡುವೆ ಅವರು ಒಮ್ಮೆಲೇ ಸೊರಗಿದರು.
ಕುತ್ತಿಗೆಯ ನರ. ಗುಳಿಬಿದ್ದ ಕಣ್ಣು.
ವರ್ದ್ಗೆಸನ ಕೋಟಿನೊಳಗೆ
ಇನ್ನೊಬ್ಬ ಹಿಡಿಸುವಷ್ಟು ಜಾಗ.
ತಟ್ಟೆ ದುಂಡಗಾಯಿತು.
ತಟ್ಟೆಯಲ್ಲೇನೂ ಇರಲಿಲ್ಲ.

ಅಜ್ಜಿ ಎದ್ದು ಹತ್ತಿರ ಹೋಗಿ
ಕಪ್ಪು ಪಟ್ಟಿಯನ್ನು ಬೆರಳಿಂದ ಮುಟ್ಟಿದಳು,
ಒಲೆಯ ಶಾಖ ನೋಡುವಂತೆ.
"ಈ ಕತ್ತಲು ಆಗಲೂ ಇತ್ತು ಮಗಾ,
ಕಿಟಕಿಗೆಲ್ಲ ಕಂಬಳಿ ಹೊಡೆದಿದ್ದೆವು.
ಇದಕ್ಕೂ ದುಡ್ಡು ಕೊಟ್ಟೆನೇ ನಾನು?
ಮೊದಲಿನಂತೆಯೇ ಬಿಡು.
ಒಂದು ಸಲವಾದರೂ ಉಂಡವರ ಹಾಗೆ ಕಾಣಲಿ."

"ಅದು ತಪ್ಪು ಅಳತೆ ಅಜ್ಜಿ, ಕಂಪನಿಯವರು..."
"ಕಂಪನಿಯವರು ಮದುವೆಗೆ ಬಂದಿದ್ದರೇ?"

ಅಗಲ ಒತ್ತಿದೆ. ಕೆನ್ನೆಗಳು ಮರಳಿದವು.

ಆಮೇಲೆ ರಿಮೋಟಿನ ಪಾಠ.
ಇದು ನಿಲ್ಲಿಸಲು, ಇದು ಹತ್ತು ಸೆಕೆಂಡು ಹಿಂದಕ್ಕೆ,
ಇದು ಮುಂದಕ್ಕೆ ಓಡಿಸಲು— ಅದು ಬೇಡ ಅಂದಳು—
ಇದು ಮುಗಿದ ಮೇಲೆ ಮತ್ತೆ ಮೊದಲಿನಿಂದ.
ಕುಣಿತ ಮುಗಿಯುವ ಮುಂಚೆ ಬ್ಯಾಟರಿ ಸತ್ತಿದೆ:
ಎತ್ತಿದ ಕಾಲು ನೆಲ ಮುಟ್ಟುವಷ್ಟರಲ್ಲಿ
ಪರದೆ ನೀಲಿ.
ಒಂದು ಕ್ಷಣ.
ಆಮೇಲೆ ಟೀವಿ ತಾನೇ ಬಾಗಿಲು ತೆರೆದು
ಒಬ್ಬೊಬ್ಬರನ್ನೇ ಒಳಗೆ ಕರೆಯತೊಡಗಿತು,
ಕೋಟಿನ ಮೇಲಿನ ಹಿಮ ಕೊಡವುತ್ತ.

ಕಾಫಿ ಕೊಟ್ಟಳು. ಹೊರಡುವಾಗ
ಅರ್ಧ ರೊಟ್ಟಿ ಕಾಗದದಲ್ಲಿ ಸುತ್ತಿ ಕೈಗಿಟ್ಟು
"ಎಷ್ಟು ಸಣಕಲಾಗಿದ್ದೀಯೋ" ಅಂದಳು.
ಕೆಲಸದ ಚೀಟಿಯಲ್ಲಿ ಕಡೆಯ ಖಾನೆ ಬಾಕಿಯಿತ್ತು,
ಚಿತ್ರದ ಅಳತೆ.
ಮೆಟ್ಟಿಲ ಮೇಲೆ, ರೊಟ್ಟಿ ಬಾಯಲ್ಲಿ ಕಚ್ಚಿಕೊಂಡು,
ಫೋನಿನ ಬೆಳಕು ಹಿಡಿದು
‘ಸರಿಯಿದೆ’ ಎಂದು ಬರೆದೆ.