ಗ್ಲಾಸ್ ಎಂಬ ಬಣ್ಣ

ಈ ಊರಿನಲ್ಲಿ ಬಣ್ಣ ಕಲಿಸುವುದು ಸುಲಭವಲ್ಲ.
ಬೆಟ್ಟ ಸ್ಲೇಟು, ಮಾಡು ಸ್ಲೇಟು,
ಗಣಿ ಮುಚ್ಚಿದ ಮೇಲೂ ಮುಚ್ಚದೆ ಉಳಿದ ಚೂರಿನ ಗುಡ್ಡೆ ಸ್ಲೇಟು.
ನೆನೆದರೆ ಕಪ್ಪು, ಒಣಗಿದರೆ ಬೂದು;
ಫೆಸ್ಟಿನಿಯೋಗಿನಲ್ಲಿ ಒಣಗಿದ್ದನ್ನು
ಕಂಡವರು ಕಡಿಮೆ.

ಬುಧವಾರ ಸಂಜೆ, ಶಾಲೆಯ ಮರಗೆಲಸದ ಕೋಣೆ.
ಹೆಲೆದ್ ಕೆಂಪು ಡಬ್ಬಿಯನ್ನು ಸೆನ್ಸರಿನ ಮುಂದಿಟ್ಟು
ಪರದೆಯ ಮೇಲೆ ಅದರ ಸುತ್ತ ಒಂದು ಚೌಕ ಎಳೆಯುತ್ತಾಳೆ.
"ಇದು ಕೆಂಪು" ಅನ್ನುತ್ತಾಳೆ.
ಅದಕ್ಕೆ ಕಿವಿಯಿಲ್ಲ. ಆದರೂ ಅನ್ನುತ್ತಾಳೆ,
ಬೆರಳು ಹಿಡಿದು ಅಕ್ಷರ ತಿದ್ದಿಸುವವರ ಹಾಗೆ,
ಸ್ವಲ್ಪ ಗಟ್ಟಿಯಾಗಿ, ಸ್ವಲ್ಪ ನಿಧಾನವಾಗಿ.

ಎಷ್ಟು ಕೆಂಪನ್ನು ಕೆಂಪೆನ್ನಬೇಕು?
ಅದಕ್ಕೊಂದು ಜಾರುವ ಗುಂಡಿಯಿದೆ, ಗೆಥಿನ್ ಕೈಯಲ್ಲಿ.
ಎಡಕ್ಕೆ ಸರಿಸಿದರೆ ಡಬ್ಬಿಯ ಒಂದು ಕೆನ್ನೆ ಮಾತ್ರ ಕೆಂಪು,
ದೀಪ ಬಿದ್ದ ಕಡೆ.
ಬಲಕ್ಕೆ ಸರಿಸಿದರೆ ಕಾಮಾಲೆಯೇ ಬಣ್ಣ ಬದಲಿಸಿಕೊಂಡು ಬಂದ ಹಾಗೆ
ಇಟ್ಟಿಗೆ ಗೋಡೆ, ಹೆಲೆದಳ ಜಡೆ,
ಗೆಥಿನನ ಸ್ವಂತ ಕಿವಿ, ಎಲ್ಲಕ್ಕೂ ಚೌಕ.
"ನನ್ನ ಕಿವೀನೇ ಕಿತ್ತು ಬುಟ್ಟಿಗೆ ಹಾಕುತ್ತೆ ಇದು!"
ನಡುವೆ ಎಲ್ಲೋ, ಕೂದಲೆಳೆಯಷ್ಟು ಜಾಗದಲ್ಲಿ,
ಕೆಂಪು ಇದೆ.
ಸಿಕ್ಕಿತು. ಅದರ ರುಜು ಹಾಕಿಸಿ ಉಳಿಸಿಟ್ಟರು.

ಹಳದಿ ಹಟ ಮಾಡಲಿಲ್ಲ.
ತೊಡಕು ಶುರುವಾದದ್ದು ಹಸಿರು ನೀಲಿಯಲ್ಲಿ.
ಒಂದೇ ಡಬ್ಬಿಯ ಮೇಲೆ ಎರಡು ಹೆಸರು ಮಿನುಗುತ್ತವೆ,
ಹಸಿರು, ನೀಲಿ, ಹಸಿರು, ನೀಲಿ,
ರೋಬೋಟಿನ ಕೈ ಎತ್ತಿದಲ್ಲೇ ನಡುಗುತ್ತದೆ,
ಇಬ್ಬರು ಸೋದರತ್ತೆಯರು ಒಟ್ಟಿಗೇ ಊಟಕ್ಕೆ ಕರೆದಂತೆ.

ಕಸಬರಿಕೆ ಗೋಡೆಗೊರಗಿಸಿ ಇದ್ವಾಲ್ ಬಂದ,
ಶಾಲೆಯ ಬೀಗದ ಕೈ ಗೊಂಚಲು ಸೊಂಟದಲ್ಲಿ.
"ಅದನ್ನೇನು ಬೈತೀರಿ?
ನನ್ನಜ್ಜಿಗೆ ಹುಲ್ಲೂ ಗ್ಲಾಸ್, ಕಡಲೂ ಗ್ಲಾಸ್,
ಅವಳಪ್ಪನ ಬೂದುಗುದುರೆಯೂ ಗ್ಲಾಸ್.
ಈ ಕಲ್ಲೂ ಅಷ್ಟೆ.
ಹಾಗಂತ ಆಕೆ ಒಂದು ದಿನವೂ
ಕುದುರೆಯನ್ನು ಕಡಲಿಗೆ ಮೇಯಲು ಬಿಡಲಿಲ್ಲ."

ಗ್ಲಾಸ್ ಅಂದರೆ ನೀರು ಕುಡಿಯುವುದಲ್ಲ, ಕಿಟಕಿಯದೂ ಅಲ್ಲ.
ಅವರ ಹಳೆಯ ಮಾತಿನಲ್ಲಿ ಅದೊಂದು ಬಣ್ಣ,
ಮೂರು ಬಣ್ಣ,
ಕಣ್ಣು ಬಿಡಿಸಿ ಹರಡಿದ್ದನ್ನು
ನಾಲಗೆ ಕಟ್ಟಿಟ್ಟ ಗಂಟು.

ಬ್ಯಾಂಗರಿನ ಪಂದ್ಯದಲ್ಲಿ ದೀಪಗಳು ಮೇಲೆ, ಬಹಳ ಮೇಲೆ,
ಹಳೆಯ ಬೆಣ್ಣೆಯಂಥ ಬೆಳಕು.
ಕಲಿತ ಕೆಂಪು ಕಿತ್ತಳೆಯಾಯಿತು. ಹಳದಿ ಕಾಣೆ.
ರೋಬೋಟು ಡಬ್ಬಿಗಳ ರಾಶಿ ಬಿಟ್ಟು
ನೆಟ್ಟಗೆ ಹೊರಟಿತು ತೀರ್ಪುಗಾರ್ತಿಯ ಬೂಟಿನ ಕಡೆ,
ಅಷ್ಟು ನಿಷ್ಠೆಯಿಂದ, ಆಕೆಗೇ ನಾಚಿಕೆಯಾಗುವಷ್ಟು.

ಮುಂದಿನ ಸುತ್ತಿಗೆ ಒಂಬತ್ತು ನಿಮಿಷ.
ಹೆಲೆದ್ ಅಳಲಿಲ್ಲ, ಅಳಿಸಿದಳು.
ಎಲ್ಲವನ್ನೂ. ಏಳು ಬುಧವಾರಗಳ ಪಾಠವನ್ನೂ.
ಇದೇ ದೀಪದ ಕೆಳಗೆ, ಇದೇ ನೆಲದ ಮೇಲೆ ಮಂಡಿಯೂರಿ
ಮತ್ತೆ ಮೊದಲಿಂದ: ಇದು ಕೆಂಪು. ಇದು ಹಳದಿ.
ಹಸಿರು ನೀಲಿಗೆ ಹೊತ್ತು ಉಳಿಯಲಿಲ್ಲ.
ಎರಡಕ್ಕೂ ಸೇರಿಸಿ ಒಂದೇ ಚೌಕ ಎಳೆದಳು, ಒಂದೇ ಹೆಸರಿಟ್ಟಳು.
ಯಾವುದೆಂದು ನಾನು ಹೇಳಬೇಕಿಲ್ಲ.

ಹದಿನಾರು ತಂಡಗಳಲ್ಲಿ ಹನ್ನೊಂದನೆಯವರು.

ಮರಳುವಾಗ ಬಸ್ಸಿನಲ್ಲಿ ಗೆಥಿನ್, ತೊಡೆಯ ಮೇಲೆ ಲ್ಯಾಪ್‌ಟಾಪು,
ಸೆನ್ಸರನ್ನು ಕಿಟಕಿಗೆ ಆನಿಸಿ ಕೂತಿದ್ದ, ಸುಮ್ಮನೆ.
ಇಳಿಹೊತ್ತು. ಹುಲ್ಲು: ಗ್ಲಾಸ್. ಕೆರೆ: ಗ್ಲಾಸ್.
ಕಲ್ಲಿನ ಗುಡ್ಡೆ: ಸ್ವಲ್ಪ ಯೋಚಿಸಿ, ಗ್ಲಾಸ್.
ಇದ್ವಾಲ್ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ,
ಇಲ್ಲದಿದ್ದರೆ ಎಷ್ಟು ಬೀಗುತ್ತಿದ್ದನೋ.

ಆಮೇಲೆ ಒಮ್ಮೆಲೇ ಪರದೆಯ ಮೂಲೆಯಲ್ಲಿ
ಪುಟ್ಟದೊಂದು ಕೆಂಪು ಚೌಕ. ಇನ್ನೊಂದು. ಮತ್ತೆ ನಾಲ್ಕು.
ಕುರಿಗಳು.
ಯಾರದೋ ಕುರಿಗಳು, ಬೆನ್ನಿಗೆ ಒಡೆಯನ ಬಣ್ಣ,
ಬೇಲಿ ಹಾರಿದರೂ ಕಳೆದುಹೋಗದಿರಲೆಂದು
ಯಾರೋ ಹಾಕಿದ ರುಜು.
"ಇದು ಕೆಂಪು" ಅನ್ನುತ್ತಲೇ ಇತ್ತು ಅದು,
ಕಿವಿಯಿಲ್ಲದ್ದು, ಬಾಯಿಯೂ ಇಲ್ಲದ್ದು,
ಒಂದನ್ನೂ ಬಿಡದೆ,
ಬಸ್ಸು ತಿರುವಿಗೆ ಹೊರಳುವವರೆಗೂ.