ಬಿಸಿಲು ಕಾಣದ ತುಂಡು

ಬಾ ಎಲಿಯೋದೋರೊ, ಮಲಗು.
ಹನ್ನೊಂದು ವರ್ಷದ ಹಿಂದೆ, ಇದೇ ಶಾಲೆಯ ಇದೇ ಕೋಣೆಯಲ್ಲಿ,
ಎರಡು ಮೇಜು ಜೋಡಿಸಿ
ಈ ಕಣ್ಣನ್ನು ಕೆರೆದವಳು ನಾನೇ.
ನಿನಗೆ ನೆನಪಿದೆ. ನನಗೆ ಚೀಟಿ ನೋಡಿದ ಮೇಲೆ ಬಂತು.

ಆಗ ಕೈ ಚುರುಕು. ಹತ್ತು ನಿಮಿಷಕ್ಕೊಂದು ಕಣ್ಣು.
ಮೂಗಿನ ಕಡೆಯಿಂದ ಕರಿಗುಡ್ಡೆಗೆ ಹತ್ತಿಬಂದ ಮಾಂಸವನ್ನು
ಕತ್ತರಿಸಿ ಎಸೆದು, ಬಿಳಿಯನ್ನು ಬರಿದಾಗಿಯೇ ಬಿಟ್ಟು,
ಹತ್ತಿ, ಪಟ್ಟಿ, ಮುಂದಿನವರು ಬನ್ನಿ.
ನೀನು ಹೊರಗೆ ಸಾಲಿನವರಿಗೆ ಹೇಳಿದ್ದೆಯಂತೆ:
"ಪಾಪ, ಡಾಕ್ಟರಮ್ಮ ಉಪ್ಪು ಕೆರೆದವಳಲ್ಲ.
ಕೆರೆದಲ್ಲೇ ಅಲ್ಲವೇ ಅದು ಮತ್ತೆ ಏಳುವುದು,
ಒಂದು ಮಳೆ ಸಾಕು."

ಎದ್ದಿದೆ.
ಮೊದಲಿಗಿಂತ ದಪ್ಪ, ಮೊದಲಿಗಿಂತ ಕೆಂಪು,
ಪಾಪೆಯ ಅಂಚಿಗೆ ಇನ್ನೊಂದು ಕಿನೋವಾ ಕಾಳಿನಷ್ಟೇ ದೂರ.
ನನ್ನ ಪುಸ್ತಕಗಳಲ್ಲಿ ಇದರ ಹೆಸರು ರೆಕ್ಕೆ.
ನಿಮ್ಮೂರಲ್ಲಿ ಬರೀ ಮಾಂಸ. ನಿಮ್ಮೂರೇ ಸರಿ,
ಇದು ಯಾರನ್ನೂ ಎಲ್ಲಿಗೂ ಹಾರಿಸಿದ್ದಿಲ್ಲ.

ನಲವತ್ತು ವರ್ಷ ಉಯುನಿಯ ಬಯಲಲ್ಲಿ
ಮೇಲೊಬ್ಬ ಸೂರ್ಯ, ಕಾಲಡಿಗೊಬ್ಬ.
ಉಣ್ಣೆಯ ಮುಸುಕಿಗೆ ಎರಡು ತೂತು,
ಬೆಳಕಿಗೆ ಅಷ್ಟು ದಾರಿ ಸಾಕು.
ಉಪ್ಪು ತಿಂದವನು ನೀರು ಕುಡಿಯಬೇಕು, ಸರಿ.
ಉಪ್ಪು ನೋಡಿದವನು?

ಹನಿ ಬಿಟ್ಟಿದ್ದೇನೆ. ಈಗ ಸೂಜಿ, ಒತ್ತಿದಂತಾಗುತ್ತದೆ ಅಷ್ಟೇ.
ಪೊರೆಯಡಿಗೆ ಮದ್ದು ತುಂಬಿ ಉಬ್ಬುತ್ತದೆ.
ಕರಿಗುಡ್ಡೆಯ ಮೇಲಿನ ತಲೆಯನ್ನು ಮೊಂಡು ಅಲಗಿನಿಂದ
ಎಬ್ಬಿಸುತ್ತೇನೆ, ಅಂಟಿದ ಲಕೋಟೆ ಬಿಡಿಸುವ ಹಾಗೆ,
ಅವಸರವಿಲ್ಲದೆ. ಈಗ ನನಗೂ ಕನ್ನಡಕ.
ಹಳೆಯ ಗಾಯದ ನಾರು ಬಿಡಲೊಲ್ಲದು.
ಅದು ನನ್ನದೇ ನಾರು. ಎಳೆ ಎಳೆಯಾಗಿ ತೆಗೆಯುತ್ತೇನೆ.

ಮತ್ತೆ ಬರಿದು. ಆದರೆ ಈ ಸಲ ನಿಲ್ಲುವುದಿಲ್ಲ.
ಕೆಳಗೆ ನೋಡು, ನಿನ್ನ ಕಾಲ್ಬೆರಳು ನೋಡು.
ಮೇಲಿನ ರೆಪ್ಪೆಯ ಮರೆಯಲ್ಲಿ
ನೀನು ಹುಟ್ಟಿದಂದಿನಿಂದ ಬಿಸಿಲು ಕಾಣದ ಒಂದು ಜಾಗವಿದೆ.
ಅಳೆದು, ನೇರಳೆ ಶಾಯಿಯ ಚುಕ್ಕೆಯಿಟ್ಟು
(ಮಗುಚಿದರೆ ಮೇಲ್ಯಾವುದು ಒಳಗ್ಯಾವುದು ತಿಳಿಯದು)
ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಒಂದು ತುಂಡು ತೆಗೆದು
ಜಾರಿಸಿ ತಂದು ಹೊದಿಸುತ್ತೇನೆ, ಅಂಚಿಗೆ ಅಂಚು.

ಹೊಲಿಗೆ ಇಲ್ಲ. ಅಂಟು ರಾಜಧಾನಿಯಲ್ಲೇ ಮುಗಿದಿತ್ತು.
ನಿನ್ನ ರಕ್ತವೇ ಅಡಿಯಲ್ಲಿ ಜಿನುಗಿ ಹೆಪ್ಪುಗಟ್ಟಿ
ಹಿಡಿದುಕೊಳ್ಳಬೇಕು. ಎಂಟು ನಿಮಿಷ.
ಅಲುಗಾಡಬೇಡ.

ಹೊರಗೆ ಜನರೇಟರ್ ಗುರುಗುಟ್ಟುತ್ತಿದೆ.
ಗೋಡೆಯ ಅಕ್ಷರಮಾಲೆಯಲ್ಲಿ ಲಾಮಾದ ಚಿತ್ರಕ್ಕೆ
ಯಾವುದೋ ಮಗು ಮೀಸೆ ಬರೆದಿದೆ.
ನರ್ಸ್ ಸೆವೆರಾ ಗಡಿಯಾರದ ಮೇಲೆ ಕಣ್ಣು ನೆಟ್ಟಿದ್ದಾಳೆ.
ತಟ್ಟೆಯಲ್ಲಿ, ನೀರು ಬತ್ತಿ, ರೆಕ್ಕೆ ಮುದುಡುತ್ತಿದೆ.

ಆರನೇ ನಿಮಿಷಕ್ಕೆ, ತುಟಿ ಮಾತ್ರ ಆಡಿಸಿ, ನೀನು:
"ಡಾಕ್ಟರಮ್ಮ, ಆ ತುಂಡು ಬಿಸಿಲು ಕಂಡದ್ದೇ ಇಲ್ಲ ಅಂದಿರಿ.
ಸೋಮವಾರ ಕೆಲಸಕ್ಕೆ ಹೋದರೆ
ಅದಕ್ಕೆ ಹೆದರಿಕೆಯಾಗುವುದಿಲ್ಲವೇ?"

ಮಾತಾಡಬೇಡ ಅಂದೆ.
ಇನ್ನೂ ಎರಡು ನಿಮಿಷ ಇತ್ತು.